ಅತ್ತೆ ಬ್ಯಾಡ ಅಂದ ಮಿರ್ಚಿ

“ತಗೋ ಬಿಸ್ಕೆಟ್,” ಎಂದು ಪ್ರಭು ತಟ್ಟೆ ಚಾಚಿದ.

“ಬ್ಯಾಡ,” ಎಂದಳು ಅವನ ಅಕ್ಕ ಕೃತಿಕಾ.

ಪ್ರಭು ತಟ್ಟೆಯನ್ನು ಇನ್ನೂ ಮುಂದಕ್ಕೆ ತಂದ. ಅದರ ಅಂಚು ಅವಳ ಮೂಗಿಗೆ ತಾಗುವಷ್ಟು ಹತ್ತಿರ ಬಂತು. ಚಾಪೆಯ ಮೇಲೆ ಸುತ್ತ ಕೂತಿದ್ದ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

“ಬ್ಯಾಡ ಅಂದ್ರೆ ಏನ್ ಮಾಡ್ಬೇಕು, ಪ್ರಭು?” ಎಂದು ಶಹರ್ಬಾನು ಟೀಚರ್ ಮೆಲ್ಲಗೆ ಕೇಳಿದರು.

ಪ್ರಭು ತಲೆಯೆತ್ತಿ ಫ್ಯಾನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ, “ಸರಿ ಅನ್ಬೇಕು. ತಟ್ಟೆ ಹಿಂದಕ್ಕೆ ತಗೋಬೇಕು,” ಎಂದು ತಟ್ಟೆಯನ್ನು ಎದೆಗೆ ಅವುಚಿಕೊಂಡ.

“ಶಹಬ್ಬಾಸ್!” ಎಂದರು ಟೀಚರ್. ಮಕ್ಕಳೆಲ್ಲ ಕೈ ಮೇಲೆತ್ತಿ ಬೆರಳುಗಳನ್ನು ಪಟಪಟ ಅಲ್ಲಾಡಿಸಿದರು. ಆ ಕ್ಲಾಸಿನ ಚಪ್ಪಾಳೆ ಅದು. ನಿಜವಾದ ಚಪ್ಪಾಳೆ ತಟ್ಟಿದರೆ ಪ್ರಭು ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಿದ್ದ.

ಇಷ್ಟು ಕಲಿಯೋಕೆ ಎರಡು ತಿಂಗಳು ಬೇಕಾಯಿತು ಅಂದರೆ ನಿಮಗೆ ನಗು ಬರಬಹುದು. ನಗಬೇಡಿ ಮಾರಾಯ್ರೆ! ಪ್ರಭುವಿಗೆ ಆಟಿಸಂ ಇತ್ತು. ಇನ್ನೊಬ್ಬರ ಮುಖ ನೋಡಿ ಅವರ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯೋದು ಅವನಿಗೆ ನಮ್ಮಷ್ಟು ಸಲೀಸಾಗಿರಲಿಲ್ಲ. ಅವನಿಗೆ ಬಸ್ ಟಿಕೆಟ್ ಅಂದರೆ ಪ್ರಾಣ. ಯಾರಾದರೂ ಇಷ್ಟವಾದರೆ ತನ್ನ ಟಿಕೆಟ್ಟನ್ನೇ ಕೊಡುತ್ತಿದ್ದ. ಅವರು ಬೇಡ ಅಂದರೂ ಬಿಡದೆ ಜೇಬಿಗೆ ತುರುಕುತ್ತಿದ್ದ. ಅದಕ್ಕೇ ಹರಿಹರದ ಸ್ಕೂಲಿನಲ್ಲಿ ಎಷ್ಟೋ ಸಲ ಏಟು ತಿಂದಿದ್ದ.

ಆಗ ದಾವಣಗೆರೆ ಹೊಸ ಜಿಲ್ಲೆಯಾಗಿ ಒಂದು ವರ್ಷವಾಗಿತ್ತಷ್ಟೆ. ಆಟಿಸಂ ಅನ್ನೋ ಪದ ಕೇಳಿದವರೇ ಕಡಿಮೆ. ಮೈಸೂರಿನಲ್ಲಿ ಟ್ರೈನಿಂಗ್ ಮುಗಿಸಿ ಬಂದಿದ್ದ ಶಹರ್ಬಾನು ಟೀಚರ್, ದಾವಣಗೆರೆಯ ಮಂಡಿಪೇಟೆಯ ಹಿಂದಿನ ತಮ್ಮ ಮನೆಯ ಮಹಡಿಯಲ್ಲಿ ಮಂಗಳವಾರ, ಗುರುವಾರ ಸಂಜೆ ಕ್ಲಾಸು ಶುರು ಮಾಡಿದ್ದರು. ಸರದಿ ಕಾಯೋದು, ಕೇಳಿ ತಗೊಳ್ಳೋದು, ಜೊತೆಗೆ ಆಡೋದು, ಇದೇ ಅಲ್ಲಿನ ಪಾಠ. ಪ್ರತಿ ಮಗುವಿನ ಜೊತೆ ಮನೆಯವರೊಬ್ಬರು ಜೋಡಿಯಾಗಿ ಕೂರಬೇಕು. ಪ್ರಭುವಿನ ಜೋಡಿ ಕೃತಿಕಾ.

ಅವಳ ಸ್ಕೂಲಿನಲ್ಲಿ ಖೋಖೋ ಪ್ರಾಕ್ಟೀಸ್ ಇರುತ್ತಿದ್ದದ್ದೂ ಮಂಗಳವಾರ, ಗುರುವಾರವೇ! ಐದನೇ ಕ್ಲಾಸಿನಲ್ಲಿ ಅವಳಷ್ಟು ಜೋರಾಗಿ ಓಡುವವರು ಯಾರೂ ಇರಲಿಲ್ಲ. “ನಿಂಗೆ ಖೋಖೋ ಬ್ಯಾಡ್ವೇನೇ?” ಎಂದು ಅಮ್ಮ ಮೊದಲೇ ಕೇಳಿದ್ದಳು. “ಬ್ಯಾಡ, ಪರ್ವಾಗಿಲ್ಲ,” ಎಂದಿದ್ದಳು ಕೃತಿಕಾ. ಹಾಗಂದವಳು ಬಾತ್‌ರೂಮಿಗೆ ಹೋಗಿ ಅತ್ತಿದ್ದಳು. ಈಗಲೂ ದಾವಣಗೆರೆ ಬಸ್ಸು ಸ್ಕೂಲಿನ ಮೈದಾನ ದಾಟುವಾಗ ಅವಳು ಬೇಕಂತಲೇ ಆ ಕಡೆಯ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದಳು.

ಅಪ್ಪಾಜಿಗೆ ಆ ಕ್ಲಾಸಿನ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಬಟ್ಟೆ ಅಂಗಡಿ ಪರಮೇಶ್ವರಪ್ಪ ಅಂದರೆ ಹರಿಹರದಲ್ಲಿ ಎಲ್ಲರಿಗೂ ಗೊತ್ತು. ಅಂಗಡಿಗೆ ಬಂದವರನ್ನು ಬರ್ರಿ, ಕೂಡ್ರಿ ಎಂದು ಮಾತಾಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

“ಮನೆಗೆ ಬಂದೋರ ಹತ್ರ ಹೆಂಗಿರಬೇಕು ಅಂತ ಕಲಿಸ್ಲಿಲ್ಲ ಅಂದ್ರೆ ಆ ಕ್ಲಾಸು ಯಾಕೆ? ಭಾನುವಾರ ನಮ್ಮಕ್ಕ ಬರ್ತಾಳೆ. ನೋಡೇ ಬಿಡಾಣ,” ಎಂದರು ಅಪ್ಪಾಜಿ.

ಭಾನುವಾರ ಹನ್ನೆರಡು ಗಂಟೆಗೆ ಕೊಕ್ಕನೂರಿನಿಂದ ನಿರ್ಮಲಮ್ಮ ಅತ್ತೆ ಬಂದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಫ್ಯಾನಿನ ಕೆಳಗೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಒಳಗೆ ಅಮ್ಮ ಮಿರ್ಚಿ ಬಜ್ಜಿ ಕರಿಯುತ್ತಿದ್ದಳು. ಘಮ್ಮೆನ್ನುವ ವಾಸನೆ ನಡುಮನೆಗೂ ಬರುತ್ತಿತ್ತು.

ಮಂಡಕ್ಕಿ, ಐದು ಬಿಸಿ ಮಿರ್ಚಿ ಇದ್ದ ತಟ್ಟೆಯನ್ನು ಪ್ರಭು ಎರಡೂ ಕೈಯಲ್ಲಿ ಹಿಡಿದು ತಂದ. ಒಂದು ಕಾಳೂ ಚೆಲ್ಲಲಿಲ್ಲ. ಅತ್ತೆಯ ಮುಂದೆ ನಿಂತು, “ತಗೊಳ್ರಿ ಅತ್ತೆ,” ಎಂದ.

ಅಪ್ಪಾಜಿಯ ಮುಖ ಅರಳಿತು. ಕೃತಿಕಾಗೂ ಖುಷಿಯಾಯಿತು.

“ಅಯ್ಯ, ಬ್ಯಾಡಪ್ಪ! ನಂದು ಊಟ ಆಗೈತೆ,” ಎಂದರು ಅತ್ತೆ.

“ಸರಿ,” ಎಂದ ಪ್ರಭು. ತಟ್ಟೆಯನ್ನು ಎದೆಗೆ ಅವುಚಿಕೊಂಡು ಸೀದಾ ಅಡಿಗೆಮನೆಗೆ ಹೋಗಿಬಿಟ್ಟ.

ಅತ್ತೆ ಕಣ್ಣು ಕಣ್ಣು ಬಿಟ್ಟರು. ಅಷ್ಟರಲ್ಲಿ ಪ್ರಭು ಚಾ ಲೋಟ ಹಿಡಿದು ಮತ್ತೆ ಬಂದ.

“ಚಾನೂ ಬ್ಯಾಡ ಕಣೋ, ಪಿತ್ತ ಆಗುತ್ತೆ,” ಎಂದು ಅತ್ತೆ ಕೈ ಅಡ್ಡ ಹಿಡಿದರು. ಕಣ್ಣು ಮಾತ್ರ ಲೋಟದ ಮೇಲೇ ಇತ್ತು.

“ಸರಿ,” ಎಂದ ಪ್ರಭು. ಚಾ ಕೂಡ ವಾಪಸ್ ಹೋಯಿತು.

ನಮ್ಮ ಕಡೆ ಮೊದಲನೇ ಸಲ ಕೇಳಿದಾಗಲೇ ಯಾರು ಹೂಂ ಅಂತಾರೆ, ನೀವೇ ಹೇಳಿ? ಒಂದು ಸಲ ಬೇಡ ಅನ್ನಬೇಕು. ಮನೆಯವರು ಒತ್ತಾಯ ಮಾಡಬೇಕು. ಇನ್ನೊಂದು ಸಲ ಬೇಡ ಅನ್ನಬೇಕು. ಆಮೇಲೆ ‘ನೀವು ಬಿಡಲ್ಲ ಬಿಡ್ರಿ’ ಅಂತ ತಟ್ಟೆ ಖಾಲಿ ಮಾಡಬೇಕು. ಇದನ್ನು ಯಾವ ಸ್ಕೂಲಿನಲ್ಲೂ ಹೇಳಿಕೊಡೋದಿಲ್ಲ, ಆದರೂ ಎಲ್ಲರಿಗೂ ಗೊತ್ತು. ಪ್ರಭುವಿಗೆ ಗೊತ್ತಿರಲಿಲ್ಲ.

ಅತ್ತೆಯ ಮುಖ ಕೆಂಪಗಾಯಿತು. ಬ್ಯಾಗು ಹಿಡಿದು ಎದ್ದು ನಿಂತರು. “ಬರ್ತೀನಪ್ಪ ಪರಮೇಶಿ. ತವರುಮನೇಲಿ ಇನ್ನೊಂದು ಮಾತು ತಗೋ ಅನ್ನೋರಿಲ್ಲ ಅಂದ್ಮೇಲೆ ನಾನ್ಯಾಕೆ ಇರ್ಲಿ?”

“ಅಯ್ಯೋ, ಕೂಡ್ರಿ ಅಕ್ಕಾರೆ!” ಎಂದು ಅಮ್ಮ ಸೌಟು ಹಿಡಿದೇ ಓಡಿಬಂದಳು.

ಅಪ್ಪಾಜಿಗೆ ಎಲ್ಲಿಲ್ಲದ ಸಿಟ್ಟು ಬಂತು. “ಎರಡು ತಿಂಗಳು ಬಸ್ಸಿನಲ್ಲಿ ಓಡಾಡಿ ಕಲ್ತಿದ್ದು ಇದೇನಾ? ಬಂದೋರ ಮುಂದಿನ ತಟ್ಟೆ ಎತ್ಕೊಂಡು ಹೋಗೋದಾ? ಸಾಕು ಸಾಕು. ಮಂಗಳವಾರದಿಂದ ಆ ಕ್ಲಾಸು ಬಂದ್!”

ಬಂದ್! ಹಾಗಾದರೆ ಕೃತಿಕಾಗೆ ಮಂಗಳವಾರ ಖೋಖೋ! ಅವಳು ಏನೂ ಮಾಡಬೇಕಾಗಿರಲಿಲ್ಲ. ಬಾಯಿ ಮುಚ್ಚಿಕೊಂಡು ಸುಮ್ಮನೆ ನಿಂತಿದ್ದರೆ ಸಾಕಿತ್ತು.

ಅವಳು ಪ್ರಭುವಿನ ಕಡೆ ತಿರುಗಿದಳು. ಅವನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಯನ್ನೇ ನೋಡುತ್ತಿದ್ದ. ಅಪ್ಪಾಜಿಯ ಕೈ, ಅಮ್ಮನ ಕೈ, ಅತ್ತೆಯ ಕೈ. ಯಾರೂ ಬೆರಳು ಅಲ್ಲಾಡಿಸಲಿಲ್ಲ. ಸ್ವಲ್ಪ ಹೊತ್ತು ಕಾದು, ತನ್ನ ಒಂದು ಕೈಯನ್ನು ತಾನೇ ಮೇಲೆತ್ತಿ ಬೆರಳು ಅಲ್ಲಾಡಿಸಿಕೊಂಡ.

ಪಾಪ, ಅವನು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದ. ಅದು ಗೊತ್ತಿದ್ದವಳು ಈ ಮನೆಯಲ್ಲಿ ಕೃತಿಕಾ ಒಬ್ಬಳೇ. ಅವಳು ಎರಡೂ ಕೈ ಎತ್ತಿ ಜೋರಾಗಿ ಬೆರಳು ಅಲ್ಲಾಡಿಸಿದಳು.

“ಇದೇನೇ ನಿನ್ನ ಕುಣಿತ?” ಎಂದು ಅಪ್ಪಾಜಿ ಗದರಿದರು.

“ಅವನದು ತಪ್ಪಿಲ್ಲ, ಅಪ್ಪಾಜಿ. ಬ್ಯಾಡ ಅಂದೋರಿಗೆ ಒತ್ತಾಯ ಮಾಡಬಾರದು ಅಂತ ಟೀಚರ್ ಹೇಳಿಕೊಟ್ಟಿದ್ದಾರೆ. ಒತ್ತಾಯ ಮಾಡಿ ಮಾಡೇ ಅಲ್ವಾ ಅವನು ಸ್ಕೂಲಲ್ಲಿ ಏಟು ತಿಂತಿದ್ದಿದ್ದು? ಅತ್ತೆ ಬ್ಯಾಡ ಅಂದ್ರು. ಅವನು ಅವರ ಮಾತು ಕೇಳ್ದ, ಅಷ್ಟೇ.” ಕೃತಿಕಾ ಅತ್ತೆಯ ಕಡೆ ತಿರುಗಿ ಕೇಳಿದಳು, “ಅತ್ತೆ, ನಿಜವಾಗ್ಲೂ ನಿಮ್ಮ ಊಟ ಆಗೈತಾ?”

“ಏಯ್!” ಎಂದಳು ಅಮ್ಮ.

ಅತ್ತೆ ಪ್ರಭುವನ್ನು ನೋಡಿದರು. ಅವನ ಬೆರಳುಗಳು ಇನ್ನೂ ಗಾಳಿಯಲ್ಲೇ ಇದ್ದವು. ಅತ್ತೆ ಬ್ಯಾಗನ್ನು ಕುರ್ಚಿಯ ಮೇಲಿಟ್ಟು ಧೊಪ್ಪನೆ ಕೂತರು.

“ಎಲ್ಲಿ ಊಟ ಕಣವ್ವ? ಬೆಳಿಗ್ಗೆ ಒಂದು ಲೋಟ ಚಾ ಕುಡಿದು ಬಸ್ ಹತ್ತಿದ್ದು. ಹೊಟ್ಟೆ ಚುರುಗುಡ್ತೈತೆ. ಆ ಮಿರ್ಚಿ ವಾಸನೆಗೆ ಬಾಯಲ್ಲಿ ನೀರು ಬರ್ತೈತೆ. ಈ ಹಾಳು ಬಾಯಿಗೆ ಬ್ಯಾಡ ಅಂದೇ ರೂಢಿ!” ಎಂದು ತಾವೇ ನಕ್ಕುಬಿಟ್ಟರು. “ಪ್ರಭು, ನಂಗೆ ಮಿರ್ಚಿ ಬೇಕಪ್ಪ.”

ಪ್ರಭು ತಟ್ಟೆ ತಂದ. “ಎಷ್ಟು ಬೇಕು?” ಎಂದು ಕೇಳಿದ.

ಅತ್ತೆ ತಟ್ಟೆಯನ್ನೊಮ್ಮೆ ನೋಡಿದರು. ಆಮೇಲೆ ಗಟ್ಟಿಯಾಗಿ, “ನಾಲ್ಕು!” ಎಂದರು. “ನಲವತ್ತು ವರ್ಷದಲ್ಲಿ ನನ್ನ ಬಾಯಿಂದ ನಾಲ್ಕು ಅನ್ನಿಸ್ದೋನು ನೀನೊಬ್ನೇ ನೋಡು!”

ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅಪ್ಪಾಜಿ ನಗಲಿಲ್ಲ, ಗದರಲೂ ಇಲ್ಲ. ಮಗನನ್ನು ಇದೇ ಮೊದಲ ಸಲ ನೋಡುತ್ತಿರುವವರಂತೆ ನೋಡುತ್ತ ನಿಂತರು.

ಪ್ರಭು ಎಣಿಸಿ ನಾಲ್ಕು ಮಿರ್ಚಿ ಕೊಟ್ಟ. ಉಳಿದ ಒಂದನ್ನು ಕೃತಿಕಾಳ ಹತ್ತಿರ ತಂದು, “ತಗೋ ಅಕ್ಕ,” ಎಂದ.

“ಬ್ಯಾ...” ಎಂದವಳು ಅಲ್ಲೇ ನಿಂತಳು. ಪ್ರಭು ತಟ್ಟೆ ಹಿಡಿದು ಕಾಯುತ್ತಿದ್ದ. ಅವಳು ಏನು ಹೇಳಿದರೂ ಅವನು ಅದನ್ನೇ ನಂಬುತ್ತಿದ್ದ. ಅವತ್ತು ಅಮ್ಮ ಕೇಳಿದಾಗ ತಾನೂ ಅತ್ತೆಯ ಥರವೇ ಮಾಡಿದ್ದೆ ಅಂತ ಅವಳಿಗೆ ಆಗ ಹೊಳೆಯಿತು.

“ಬೇಕು,” ಎಂದು ಮಿರ್ಚಿ ತಗೊಂಡಳು. ಬಿಸಿಯಿತ್ತು, ಕೈ ಬದಲಾಯಿಸಿ ಹಿಡಿದಳು. “ಅಮ್ಮ... ನಂಗೆ ಖೋಖೋನೂ ಬೇಕು. ಪ್ರಭು ಕ್ಲಾಸು ಬಂದ್ ಆಗೋದು ಬ್ಯಾಡ. ಆದ್ರೆ ನಂಗೆ ಖೋಖೋ ಬೇಕು.”

ಅಮ್ಮನ ನಗು ನಿಂತಿತು. “ಅವತ್ತು ಕೇಳಿದ್ದಕ್ಕೆ ಬ್ಯಾಡ ಅಂದ್ಯಲ್ಲೇ?”

“ಸುಮ್ನೆ ಅಂದಿದ್ದೆ.”

ಅಮ್ಮ ಅವಳ ತಲೆಯನ್ನು ತನ್ನ ಮಗ್ಗುಲಿಗೆ ಒತ್ತಿಕೊಂಡಳು.

ಅಪ್ಪಾಜಿ ಕೃತಿಕಾಳ ಕಡೆ ತಿರುಗಿದರು. “ಗುರುವಾರ ನೀನು ಖೋಖೋಗೆ ಹೋಗು. ಸಂಜೆ ಅಂಗಡೀನ ಹುಡುಗರು ನೋಡ್ಕೋತಾರೆ. ಕ್ಲಾಸಿನಲ್ಲಿ ಪ್ರಭು ಜೋಡಿಯಾಗಿ ನಾನೇ ಕೂಡ್ತೀನಿ. ಆ ಟೀಚರು ನಂಗೂ ಒಂದಿಷ್ಟು ಕಲಿಸ್ಲಿ.”

ಪ್ರಭು ಫ್ಯಾನು ನೋಡುತ್ತ ಯೋಚಿಸಿದ. “ಅಪ್ಪಾಜಿ ದೊಡ್ಡವರು. ಚಾಪೆ ಚಿಕ್ಕದು,” ಎಂದ.

“ನಾನು ಬರೋದು ಬ್ಯಾಡೇನೋ?” ಎಂದು ಕೇಳಿದರು ಅಪ್ಪಾಜಿ.

ಪ್ರಭು ಜೇಬಿಗೆ ಕೈಹಾಕಿ ಒಂದು ಬಸ್ ಟಿಕೆಟ್ ತೆಗೆದ. ಅಪ್ಪಾಜಿಯ ಜೇಬಿಗೆ ತುರುಕಲಿಲ್ಲ. ಅಂಗೈ ಮೇಲಿಟ್ಟು ಚಾಚಿ, “ಬೇಕಾ?” ಎಂದು ಕೇಳಿದ.

“ಬೇಕು,” ಎಂದರು ಅಪ್ಪಾಜಿ.

ಕೃತಿಕಾ ಮಿರ್ಚಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈ ಮೇಲೆತ್ತಿ ಬೆರಳು ಅಲ್ಲಾಡಿಸಿದಳು.