ಪುಟ್ಟ ಲ್ಯಾಪ್‌ಟಾಪಿನ ಸೇಡು

ತುಂಬಿದ ಸಭೆಯಲ್ಲಿ ಹರಿಪ್ರಸಾದನ ನೀರಿಳಿಸಬೇಕು ಎಂದು ಕಾವ್ಯಾ ಒಂದು ವರ್ಷದಿಂದ ಹಲ್ಲು ಕಚ್ಚಿ ಕಾಯುತ್ತಿದ್ದಳು. ಪತ್ರಕರ್ತರ ಸಂಘದ ಆ ವಾರ್ಷಿಕ ಸಭೆ ಇವತ್ತು ಹೊಸನಗರದಲ್ಲಿ ಸೇರಿತ್ತು. ಅವನೂ ಬಂದಿದ್ದ, ಅದೂ ನೀಲಿ ಜುಬ್ಬಾ ಹಾಕಿಕೊಂಡು.

ನೀಲಿ ಬಣ್ಣ ಅವನಿಗೆ ಒಪ್ಪುತ್ತದೆ ಎನ್ನುವುದು ಅವಳ ಕಣ್ಣಿಗೆ ಬಿತ್ತು. ಬಿದ್ದದ್ದಕ್ಕೆ ತನ್ನ ಕಣ್ಣಿನ ಮೇಲೂ ಸಿಟ್ಟು ಬಂತು.

"ಚೆನ್ನಾಗಿದೀರಾ ಕಾವ್ಯಾ?" ಎಂದ, ಬಾಗಿಲಲ್ಲೇ ಅಡ್ಡ ನಿಂತು.

"ನಾನು ಚೆನ್ನಾಗೇ ಇದೀನಿ. ಸಂಜೆ ಹೊತ್ತಿಗೆ ನೀವು ಹೆಂಗಿರ್ತೀರಿ ನೋಡಣ."

ಅವನು ನಕ್ಕ. ಅವನ ನಗು ತುಟಿಯ ಎಡ ಅಂಚಿನಲ್ಲಿ ಶುರುವಾಗಿ, ಬಲಕ್ಕೆ ಬರಲೋ ಬೇಡವೋ ಎಂದು ಅನುಮಾನಿಸಿ, ಆಮೇಲೆ ಬರುತ್ತದೆ. ಒಂದು ಕಾಲದಲ್ಲಿ ಆ ಅನುಮಾನಕ್ಕಾಗಿಯೇ ಅವಳು ಅವನನ್ನು ನಗಿಸುತ್ತಿದ್ದಳು. ಈಗ ಮುಖ ತಿರುಗಿಸಿ ಒಳಗೆ ಹೋದಳು.

ಇಬ್ಬರೂ ಪತ್ರಕರ್ತರು. ಅವಳು ಒಂದು ಜಿಲ್ಲಾ ಪತ್ರಿಕೆಗೆ ಹೊಸನಗರದಿಂದ ಬರೆಯುತ್ತಾಳೆ, ಅವನು ಇನ್ನೊಂದಕ್ಕೆ ಸಾಗರದಿಂದ; ಅವನ ಮನೆ ಅಲ್ಲೇ ಪಕ್ಕದ ಇಕ್ಕೇರಿಯಲ್ಲಿ. ಅವಳ ಬಳಿ ಇರುವುದು ಒಂದು ಪುಟಾಣಿ ಲ್ಯಾಪ್‌ಟಾಪು. ಅಗ್ಗದ್ದು, ಹೆಗಲ ಚೀಲದಲ್ಲಿ ಟಿಫಿನ್ ಬಾಕ್ಸಿನ ಪಕ್ಕ ಕೂರುವಂಥದ್ದು. ಅವನದು ಎಲ್ಲವೂ ಫೋನಿನಲ್ಲೇ. ಎರಡು ಹೆಬ್ಬೆರಳಿನಲ್ಲಿ ಇಡೀ ಸಾಗರ ತಾಲ್ಲೂಕನ್ನು ಬರೆದು ಮುಗಿಸುತ್ತಿದ್ದ.

ಇಬ್ಬರನ್ನೂ ಹತ್ತಿರ ತಂದದ್ದು ಹುಲಿಕಲ್ ಘಾಟಿ. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಅಲ್ಲಿ ಗುಡ್ಡ ಜರಿದಾಗ ಸುದ್ದಿಗೆಂದು ಹೋದವರು ಅಲ್ಲೇ ಸಿಕ್ಕಿಬಿದ್ದರು. ವಿಡಿಯೋ ತೆಗೆದೂ ತೆಗೆದೂ ಅವನ ಫೋನು ಕಣ್ಣು ಮುಚ್ಚಿತು. ಕಾವ್ಯಾ ತನ್ನ ಪುಟ್ಟ ಯಂತ್ರಕ್ಕೆ ವೈರು ಸಿಕ್ಕಿಸಿ ಆ ಫೋನಿಗೆ ಚಾರ್ಜು ಕೊಟ್ಟಳು. ಅವನು ಹೇಳಿದ ಸುದ್ದಿಯನ್ನೂ ತಾನೇ ಟೈಪ್ ಮಾಡಿದಳು. ಜೀಪೊಂದು ಹತ್ತಿಸಿಕೊಂಡು ಮಾಸ್ತಿಕಟ್ಟೆಗೆ ಬಿಟ್ಟಾಗ, ಅವನ ಫೋನಿಗೆ ಸಿಕ್ಕ ನೆಟ್‌ವರ್ಕಿನಲ್ಲಿ ಇಬ್ಬರ ಸುದ್ದಿಯೂ ಹೋಯಿತು.

"ನೀನಿಲ್ದೆ ಇದ್ದಿದ್ರೆ ಇವತ್ತು ನನ್ನ ಕತೆ ಮುಗೀತಿತ್ತು," ಎಂದಿದ್ದ ಅವನು. ಅವತ್ತಿನಿಂದ 'ನೀವು' ಹೋಗಿ 'ನೀನು' ಬಂದಿತ್ತು. ಬಸ್ಸಿನಲ್ಲಿ ಒಬ್ಬರಿಗೊಬ್ಬರು ಸೀಟು ಹಿಡಿಯುವುದೂ ಶುರುವಾಗಿತ್ತು.

ಅಂಥವನು ಮರುವರ್ಷ ತೀರ್ಥಹಳ್ಳಿಯಲ್ಲಿ ಸೇರಿದ ಸಂಘದ ಸಭೆಯಲ್ಲಿ ಉಂಡ ಮನೆಯ ಜಂತಿ ಎಣಿಸಿದ.

ಈ ಸೀಮೆಯವರಿಗೆ ಯಾವ ಸಮಾರಂಭವಾದರೂ ಕೊನೆಗೊಂದು ತಾಳಮದ್ದಳೆ ಬೇಕು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ ಹಾಡುತ್ತಾರೆ, ಪಾತ್ರಧಾರಿಗಳು ಕೂತಲ್ಲೇ ಮಾತಿನಲ್ಲಿ ಕಾದಾಡುತ್ತಾರೆ. ಯಾವ ಪಕ್ಷ ಕೊಟ್ಟರೂ ಅದನ್ನೇ ಪ್ರಾಣಕೊಟ್ಟು ವಾದಿಸಬೇಕು. ಕೊನೆಗೆ ಮಂಗಳ ಹಾಡಿದರೆ ಪಾತ್ರ ಮುಗಿಯಿತು, ಜಗಳವೂ ಮುಗಿಯಿತು. ಬೈದವನೂ ಬೈಸಿಕೊಂಡವನೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ.

ಪತ್ರಕರ್ತರ ಸಂಘದ ಅಧ್ಯಕ್ಷ ಮಂಜುನಾಥಪ್ಪ ಸ್ವತಃ ಭಾಗವತರು. ಹೋದ ವರ್ಷ ಅವರು ಕೊಟ್ಟ ಪ್ರಸಂಗ: ಪುಟ್ಟ ಲ್ಯಾಪ್‌ಟಾಪು ಕೊಳ್ಳಬೇಕೋ, ಫೋನು ಸಾಕೋ? ಕಾವ್ಯಾ ಲ್ಯಾಪ್‌ಟಾಪಿನ ಪಕ್ಷ, ಹರಿಪ್ರಸಾದ ಫೋನಿನ ಪಕ್ಷ. ಅವನು ಮೊದಮೊದಲು ಹದವಾಗಿಯೇ ಮಾತಾಡಿದ. ಜನ ನಕ್ಕರು. ನಕ್ಕದ್ದು ತಲೆಗೇರಿತು.

"ಆಟಿಕೆ ಹಿಡಿದುಕೊಂಡು ಓಡಾಡುವವರು ಪತ್ರಕರ್ತರೇ?" ಎಂದುಬಿಟ್ಟ. "ಅವರು ಬರೆಯುವ ಸುದ್ದಿಯೂ ಮಕ್ಕಳಾಟವೇ!"

ಸಭೆ ಬಿದ್ದು ಬಿದ್ದು ನಕ್ಕಿತು. ಕಾವ್ಯಾ ಮಂಗಳಕ್ಕೂ ಕಾಯದೆ ಎದ್ದು ಬಸ್ಸು ಹತ್ತಿದಳು. ಮರುದಿನದಿಂದ ತಾಲ್ಲೂಕು ಕಚೇರಿಯಲ್ಲಿ ಅವಳಿಗೆ 'ಆಟಿಕೆ ಮೇಡಂ' ಎಂಬ ಹೆಸರಾಯಿತು. ಗಂಭೀರವಾದ ಪ್ರಶ್ನೆ ಕೇಳಿದರೂ ಗುಮಾಸ್ತರು ಮೊದಲು ಅವಳ ಚೀಲ ನೋಡಿ ಮುಸಿಮುಸಿ ನಗುತ್ತಿದ್ದರು. ಹರಿಪ್ರಸಾದನ ನಂಬರನ್ನು ಅವಳು ಬ್ಲಾಕ್ ಮಾಡಿದಳು. ಪ್ರೀತಿ ಎಂದುಕೊಂಡಿದ್ದನ್ನೂ ಅದರ ಜೊತೆಗೇ ಬ್ಲಾಕ್ ಮಾಡಿದ್ದೇನೆ ಎಂದು ನಂಬಿದ್ದಳು.

ಈ ಸಲ ಅದೇ ಪ್ರಸಂಗ ಇಡಿ ಎಂದು ಮಂಜುನಾಥಪ್ಪನವರ ಬೆನ್ನು ಬಿದ್ದವಳು ಅವಳೇ. ಪುಟ್ಟ ಲ್ಯಾಪ್‌ಟಾಪಿನ ಪರವಾಗಿ ವರ್ಷವಿಡೀ ಮಾತು ಮಸೆದು ಇಟ್ಟಿದ್ದಳು.

ಮಂಜುನಾಥಪ್ಪ ಜಾಗಟೆ ತಟ್ಟಿ ಹೇಳಿದರು, "ಹೋದ ಸಲ ಆ ಕಡೆ ಕೂತವ್ರು ಈ ಸಲ ಈ ಕಡೆ. ಹರಿಪ್ರಸಾದ್ ಲ್ಯಾಪ್‌ಟಾಪು, ಕಾವ್ಯಾ ಫೋನು. ಕೂಟದ ಮರ್ಯಾದೆ ಅದು."

ಕಾವ್ಯಾಳ ಮುಖ ಬಿಳಿಚಿತು. ಮದ್ದಳೆಗೆ ಕೂತಿದ್ದವರು ಅವಳ ಅಪ್ಪ ಸೀತಾರಾಮಪ್ಪ. ಮಗಳ ಕಡೆ ಬಗ್ಗಿ ಪಿಸುಗುಟ್ಟಿದರು.

"ಬ್ಯಾಡ ಅಂದ್ರೆ ಈಗ್ಲೇ ಹೇಳು ಮಗಾ. ಬ್ಯಾರೆಯವ್ರನ್ನ ಕೂರಿಸ್ತಾರೆ."

"ಬ್ಯಾಡ ಯಾಕೆ?" ಎಂದಳು ಅವಳು. "ಯಾವ ಕತ್ತಿ ಆದ್ರೇನು, ಕುಯ್ಯೋದು ಅವ್ರನ್ನೇ ಅಲ್ವಾ."

ಪದ ಮುಗಿಯಿತು. ಕಾವ್ಯಾ ಶುರುಮಾಡಿದಳು. ಆ ಯಂತ್ರದ ಹುಳುಕು ಅವಳಷ್ಟು ಯಾರಿಗೆ ಗೊತ್ತು?

"ಸ್ವಾಮಿ, ತಮ್ಮ ಈ ಕುಳ್ಳನನ್ನು ಆನ್ ಮಾಡಿಟ್ಟು ಹೋಟೆಲಿಗೆ ಹೋಗಿ ಟೀ ಕುಡಿದು ಬನ್ನಿ. ಬಂದಾಗಲೂ ಕಣ್ಣುಜ್ಜಿಕೊಳ್ಳುತ್ತಾ ಇರುತ್ತಾನೆ. ಅಪ್‌ಡೇಟ್ ಬಂದರೆ ಹೊಟ್ಟೆಯಲ್ಲಿ ಜಾಗವಿಲ್ಲ, ನಾಲ್ಕು ಫೋಟೋ ಒಟ್ಟಿಗೆ ತೆರೆದರೆ ಮೂರ್ಛೆ! ನನ್ನ ಫೋನು ಫೋಟೋ ತೆಗೆಯುತ್ತದೆ, ಭಾಷಣ ರೆಕಾರ್ಡ್ ಮಾಡುತ್ತದೆ, ಸುದ್ದಿ ಕಳಿಸುತ್ತದೆ, ಜೇಬಿನಲ್ಲೂ ಕೂರುತ್ತದೆ. ಇವನನ್ನು ಹೊರಲು ಚೀಲ ಬೇಕು, ಇವನ ಚಾರ್ಜರನ್ನು ಹೊರಲು ಇನ್ನೊಂದು ಖಾನೆ ಬೇಕು. ಅಗ್ಗ ಎಂದು ತರುತ್ತೀರಿ. ಅಗ್ಗದ ಎಮ್ಮೆಗೆ ಹುಲ್ಲು ಹಾಕುವಾಗ ಗೊತ್ತಾಗುತ್ತದೆ!"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಾವ್ಯಾಳ ಎದೆ ಮಾತ್ರ ಚುರುಕ್ ಎಂದಿತು. ಮನೆಯ ಕೂಸನ್ನು ಬೀದಿಯಲ್ಲಿ ನಿಲ್ಲಿಸಿ ಬೈದ ಹಾಗಿತ್ತು. ಅದಕ್ಕೂ ಹರಿಪ್ರಸಾದನೇ ಕಾರಣ ಎಂದು ಲೆಕ್ಕಕ್ಕೆ ಬರೆದುಕೊಂಡಳು.

ಹರಿಪ್ರಸಾದ ಪಾತ್ರಕ್ಕೆಂದು ಹೊದ್ದ ಶಾಲನ್ನು ನಿಧಾನವಾಗಿ ಸರಿಮಾಡಿಕೊಂಡ. "ನಿಧಾನ ಎಂದಿರಿ, ಒಪ್ಪಿದೆ. ಆದರೆ ಫೋನಿನಲ್ಲಿ ಹೆಬ್ಬೆರಳು ಒತ್ತುವಾಗ ನನಗೆ ನಾಲ್ಕು ಸಾಲಿಗೇ ಸುಸ್ತು. ಹತ್ತು ಬೆರಳೂ ಆಡಿದರೆ ಯೋಚನೆಯೂ ಉದ್ದಕ್ಕೆ ಹರಿಯುತ್ತದೆ. ಟ್ಯಾಬು ತರೋಣವೇ? ಅದಕ್ಕೆ ಕೀಬೋರ್ಡ್ ಬೇರೆ ತರಬೇಕು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟರೆ ಅದೊಂದು ಕಡೆ ಜಾರುತ್ತದೆ, ಕೀಬೋರ್ಡು ಇನ್ನೊಂದು ಕಡೆ. ದೊಡ್ಡ ಲ್ಯಾಪ್‌ಟಾಪು ತರೋಣವೇ? ನಮ್ಮ ಬಸ್ಸಿನ ಸೀಟುಗಳ ಮಧ್ಯೆ ಅದರ ಮುಚ್ಚಳವೇ ಪೂರ್ತಿ ತೆರೆಯುವುದಿಲ್ಲ. ಬರೆಯುವುದೇ ಕಸುಬಾದವರಿಗೆ..."

ಅಷ್ಟರಲ್ಲಿ ಅವನ ಜೇಬಿನ ಫೋನು ಹೊಡೆದುಕೊಂಡಿತು. ಗಡಿಬಿಡಿಯಲ್ಲಿ ಎತ್ತಿ, "ಊಟಕ್ಕೆ ಕಾಯಬೇಡ ಅಮ್ಮ, ಆಮೇಲೆ ಫೋನ್ ಮಾಡ್ತೀನಿ," ಎಂದ. ಮೈಕು ಅದನ್ನೂ ಊರಿಗೆ ಕೇಳಿಸಿತು.

"ನೋಡಿ," ಎಂದಳು ಕಾವ್ಯಾ, "ಲ್ಯಾಪ್‌ಟಾಪಿನ ಪಕ್ಷದವರನ್ನು ಊಟಕ್ಕೆ ಕರೆಯುವುದಕ್ಕೂ ನಮ್ಮ ಫೋನೇ ಬೇಕು!"

ಶಿಳ್ಳೆ ಬಿತ್ತು. ಹರಿಪ್ರಸಾದನ ಕಿವಿ ಕೆಂಪಾಯಿತು. ಇಂಥ ಒಂದು ಗಳಿಗೆಗಾಗಿಯೇ ಅವಳು ವರ್ಷ ಕಾದಿದ್ದಳು, ಆದರೆ ಅದು ಬಾಯಿಗೆ ಅಷ್ಟೇನೂ ಸಿಹಿಯಾಗಲಿಲ್ಲ. ಇನ್ನೂ ಬೇಕು ಎನ್ನಿಸಿತು.

ಅವನು ನೀರು ಕುಡಿದು ಮತ್ತೆ ಮಾತೆತ್ತಿದ. ಈಗ ದನಿ ತಗ್ಗಿತ್ತು.

"ಹುಲಿಕಲ್ಲಿನಲ್ಲಿ ಗುಡ್ಡ ಜರಿದ ದಿನ ನನ್ನ ಫೋನು ಸತ್ತಿತ್ತು. ಅದಕ್ಕೆ ಜೀವ ಕೊಟ್ಟದ್ದು ಇಂಥದೇ ಒಂದು ಪುಟ್ಟ ಲ್ಯಾಪ್‌ಟಾಪು. ನನ್ನ ಹೆಸರಿನಲ್ಲಿ ಬಂದ ಆ ಸುದ್ದಿಯನ್ನು ಟೈಪ್ ಮಾಡಿದ್ದು ನಾನಲ್ಲ. ಅದರ ಒಡತಿಯ ಬೆರಳು ಚಳಿಗೆ ಮರಗಟ್ಟಿತ್ತು. ಆದರೂ ತನ್ನ ಸುದ್ದಿಗಿಂತ ಮೊದಲು ನನ್ನದು ಮುಗಿಸಿದಳು. ಇದಕ್ಕಿಂತ ದೊಡ್ಡ ಯಂತ್ರವನ್ನು ನಾನು ಎಲ್ಲೂ ನೋಡಿಲ್ಲ."

ಈ ವಿಷಯ ಯಾರಿಗೂ ಗೊತ್ತಿರಲಿಲ್ಲ. ಸೀತಾರಾಮಪ್ಪನವರ ಕೈ ಮದ್ದಳೆಯ ಮೇಲೆ ಹಾಗೇ ನಿಂತಿತು. ಕರಗಿಬಿಡುತ್ತೇನೆ ಎನ್ನಿಸಿದ ಕೂಡಲೇ ಕಾವ್ಯಾ ಕತ್ತಿ ಎತ್ತಿದಳು.

"ಒಂದು ಪ್ರಶ್ನೆ, ಸ್ವಾಮಿ. ಹೋದ ವರ್ಷ ಇದನ್ನೇ ಆಟಿಕೆ ಎಂದವರು ತಾವು. ಅದು ನಿಜವೋ, ಇದು ನಿಜವೋ?"

"ಅದು..." ಅವನು ತಡವರಿಸಿದ. "ಅದು ಪಾತ್ರದ ಮಾತು."

"ಹೌದೇ? ಹಾಗಾದರೆ ಈಗ ಹೊಗಳಿದ್ದೂ ಪಾತ್ರದ ಮಾತೇ! ಬೈಗುಳ ಪಾತ್ರದ್ದು, ಹೊಗಳಿಕೆ ಮಾತ್ರ ತಮ್ಮದು ಎನ್ನಲಿಕ್ಕೆ ಬರುವುದಿಲ್ಲ. ಹೊಗಳಿಕೆ ತಮ್ಮದಾದರೆ ಬೈಗುಳವೂ ತಮ್ಮದೇ. ಯಾವುದನ್ನು ಒಪ್ಪುತ್ತೀರಿ? ಸುಳ್ಳು ಹೊಗಳುವವರೋ, ಉಪಕಾರ ಮರೆತು ಬೈಯುವವರೋ?"

ಚಪ್ಪಾಳೆ ಬಿತ್ತು. ಅಂಥ ಚಪ್ಪಾಳೆ ಹೋದ ವರ್ಷ ಅವನಿಗೂ ಬಿದ್ದಿರಲಿಲ್ಲ. ಹರಿಪ್ರಸಾದ ಅವಳನ್ನು ನೋಡಿದ. ಆ ನೋಟದಲ್ಲಿ ತಪ್ಪಿಸಿಕೊಳ್ಳುವ ದಾರಿ ಹುಡುಕುವ ಆತುರವಿರಲಿಲ್ಲ, ಸೋತು ಕೂತವನ ನೆಮ್ಮದಿ ಇತ್ತು. ಅವಳಿಗೆ ಅದು ಬೇಕಿರಲಿಲ್ಲ. ಅವನು ಒದ್ದಾಡಬೇಕಿತ್ತು.

"ಭಾಗವತರೇ," ಎಂದ ಕೊನೆಗೆ, "ಉತ್ತರ ಇದೆ. ಆದರೆ ಪಾತ್ರದಲ್ಲಿ ಕೂತು ಹೇಳಿದ್ರೆ ಇವರು ನಂಬೋದಿಲ್ಲ. ಮಂಗಳ ಹಾಡಿಬಿಡಿ."

ಮಧ್ಯದಲ್ಲಿ ಮಂಗಳ ಕೇಳುವುದೆಂದರೆ ಸೋಲೊಪ್ಪಿದ ಹಾಗೆ. ಮಂಜುನಾಥಪ್ಪ ಹುಬ್ಬೇರಿಸಿದರು. "ವಿಚಾರ ಮಾಡಿ ಹೇಳ್ತಿದೀರಾ?"

"ಮಾಡಿಯೇ ಹೇಳ್ತಿದೀನಿ. ಹಾಡಿ."

ಮಂಗಳ ಶುರುವಾಯಿತು. ಕಾವ್ಯಾ ಗೆದ್ದಿದ್ದಳು. ಚೀಲ ಎತ್ತಿಕೊಂಡು ಹೊರಡಲು ಅವಳಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಕೈ ಚೀಲದ ಪಟ್ಟಿಯವರೆಗೂ ಹೋಯಿತು. ಸೀತಾರಾಮಪ್ಪ ಬಾರಿಸುತ್ತಲೇ ಮಗಳ ಕಡೆ ನೋಡಿದರು. ಅವಳು ಅಲ್ಲೇ ಕೂತಳು. ಅವನ ಸೋಲನ್ನು ಪೂರ್ತಿ ನೋಡದೆ ಹೋಗುವುದು ದಡ್ಡತನ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹಾಡು ನಿಂತಿತು. ಹರಿಪ್ರಸಾದ ಎದ್ದು ನಿಂತು ಶಾಲು ತೆಗೆದ. ಮೈಕು ಕೈಗೆ ತಗೊಂಡ.

"ಹೋದ ವರ್ಷದ ಮಾತು ಪಾತ್ರದ್ದಲ್ಲ. ಪಾತ್ರ ಲ್ಯಾಪ್‌ಟಾಪ್ ಬಯ್ಯೋಕೆ ಹೇಳಿತ್ತು, ಕಾವ್ಯಾನ ಬಯ್ಯೋಕೆ ಹೇಳಿರಲಿಲ್ಲ. ಜನ ನಕ್ಕರು, ನಂಗೆ ಹುರುಪು ಹತ್ತಿತು. ಆಟಿಕೆ ಅಂದಿದ್ದು ನಾನೇ, ಹರಿಪ್ರಸಾದ. ಉಪಕಾರ ಮರೆತವನೂ ನಾನೇ. ತಪ್ಪಾಯ್ತು ಕಾವ್ಯಾ." ಅವನು ಅವಳ ಕಡೆ ತಿರುಗಿದ. "ಇವತ್ತಿಂದೂ ಪಾತ್ರದ್ದಲ್ಲ. ಹುಲಿಕಲ್ಲಿನ ದಿನದಿಂದ ನಂಗೆ ನೀನು ಅಂದ್ರೆ ಇಷ್ಟ. ಸುಮ್ನೆ ಇಷ್ಟ ಅಲ್ಲ, ಜೀವ. ಹೇಳೋಕೆ ಧೈರ್ಯ ಇರಲಿಲ್ಲ. ಈಗ ಹೆಂಗೂ ಮಾನ ಹೋಗಿದೆ, ಹೇಳಿಬಿಟ್ಟೆ."

ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿದ್ದ ತಾಲ್ಲೂಕು ಕಚೇರಿಯವರು ಕೂಡ ನೆಲ ನೋಡುತ್ತಿದ್ದರು.

ಕಾವ್ಯಾ ಹೊರಗೆ ಜಗುಲಿಗೆ ಬಂದು, ಲ್ಯಾಪ್‌ಟಾಪು ತೆರೆದು ಮೊಣಕಾಲ ಮೇಲಿಟ್ಟುಕೊಂಡಳು. ಅದು ಎಂದಿನಂತೆ ಕಣ್ಣುಜ್ಜಿಕೊಳ್ಳತೊಡಗಿತು. ಹರಿಪ್ರಸಾದ ಬಂದು, ಒಂದು ಕಂಬದಷ್ಟು ದೂರ ಬಿಟ್ಟು ಕೂತ.

"ಏನು ಮಾಡ್ತಿದೀರಾ?"

"ಸುದ್ದಿ. ಸಂಘದ ಕಾರ್ಯಕ್ರಮ ಅಲ್ವಾ, ಬರೀಬೇಕು. ನೀವು ಹೇಳಿದ್ದು ಅಷ್ಟನ್ನೂ ಹಾಕ್ತೀನಿ, ಒಂದಕ್ಷರ ಬಿಡಲ್ಲ." ಬೆರಳು ಪಟಪಟ ಓಡತೊಡಗಿತು. "ನಾಳೆ ಬೆಳಿಗ್ಗೆ ಇಕ್ಕೇರಿಲಿ ನಿಮ್ಮಮ್ಮ ಕಾಫಿ ಕುಡೀತಾ ಓದ್ತಾರೆ. ಯಾರ ಮನೆ ಹುಡುಗಿ, ಯಾವ ಜನ ಅಂತ ಕೇಳ್ತಾರೆ. ಬೇಡ ಅಂದ್ರೆ ಈಗ್ಲೇ ಹೇಳಿ."

ಇದು ಅವಳ ಕೊನೆಯ ಏಟು. ತುಂಬಿದ ಸಭೆಯಲ್ಲಿ ಆಡಿದ ಮಾತು ಗಾಳಿಗೆ ಹೋಗಬಹುದು, ಅಚ್ಚಾದ ಮಾತು ಹೋಗುವುದಿಲ್ಲ. ಅವನು ಈಗ ಹಿಂದೆ ಸರಿಯುತ್ತಾನೆ, ಸರಿದರೆ ತನ್ನ ಸಿಟ್ಟಿಗೆ ಜೀವಮಾನಕ್ಕಾಗುವಷ್ಟು ಕಾರಣ ಸಿಗುತ್ತದೆ ಎಂದು ಅವಳು ಕಾದಳು.

"ಹಾಕಿ," ಎಂದ ಹರಿಪ್ರಸಾದ. "ಹೆಸರು, ಊರು ಎಲ್ಲಾ ಹಾಕಿ. ಸೀತಾರಾಮಪ್ಪನವರ ಮಗಳು ಅಂತ ನಾನೇ ಅಮ್ಮಂಗೆ ಇವತ್ತೇ ಹೇಳ್ತೀನಿ."

ಕಾವ್ಯಾಳ ಬೆರಳು ನಿಂತಿತು. ಅವಳು ಮೊದಲ ಬಾರಿಗೆ ಅವನ ಕಡೆ ಪೂರ್ತಿ ತಿರುಗಿ ನೋಡಿದಳು. ನೀಲಿ ಜುಬ್ಬಾ ಬೆವರಿಗೆ ಬೆನ್ನಿಗಂಟಿತ್ತು. ಅವನು ನಗುತ್ತಿರಲಿಲ್ಲ, ಹೆದರಿದ್ದ, ಆದರೂ ಅಲ್ಲೇ ಕೂತಿದ್ದ.

ಅವಳು ಪರದೆಯತ್ತ ತಿರುಗಿ ಏನೋ ಅಳಿಸಿದಳು. ಆಮೇಲೆ ಕಳಿಸುವ ಗುಂಡಿ ಒತ್ತಿದಳು. ಲ್ಯಾಪ್‌ಟಾಪು ಗಿರಗಿರ ಸುತ್ತಿ ಸುತ್ತಿ, ಕೊನೆಗೆ ಸುದ್ದಿ ಹೋಯಿತೆಂದು ತೋರಿಸಿತು. ಅವಳು ಅದನ್ನು ಅವನ ಕಡೆ ತಿರುಗಿಸಿ ಹಿಡಿದಳು. ಸುದ್ದಿಯಲ್ಲಿ ಅವನು ಮಂಗಳ ಬೇಡಿ ಸೋತದ್ದಿತ್ತು. ಆಟಿಕೆ ಎಂದದ್ದು ತನ್ನದೇ ತಪ್ಪು ಎಂದು ಒಪ್ಪಿಕೊಂಡದ್ದಿತ್ತು. ಕ್ಷಮೆ ಕೇಳಿದ್ದು ಎದ್ದು ಕಾಣುವ ದಪ್ಪ ಅಕ್ಷರದಲ್ಲಿತ್ತು. ಅಲ್ಲಿಗೆ ಮುಗಿದಿತ್ತು.

"ಉಳಿದಿದ್ದು?" ಎಂದ ಅವನು. "ಕೊನೆಗೆ ಹೇಳಿದ್ದು?"

"ನಿನ್ನ ಸೋಲು ಊರಿನ ಸುದ್ದಿ, ಊರಿಗೆ ಕೊಟ್ಟೆ," ಎಂದಳು ಕಾವ್ಯಾ, ಲ್ಯಾಪ್‌ಟಾಪು ಮುಚ್ಚುತ್ತಾ. "ಉಳಿದಿದ್ದು ನಂದು. ಅದನ್ನ ಯಾರಿಗೂ ಕೊಡಲ್ಲ."