ಬ್ರೇಕಿಗೆ ರಟ್ಟು ಇಟ್ಟು ಹೋದ ಕಳ್ಳ

ಶನಿವಾರ ಬೆಳಿಗ್ಗೆ 8.40ಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಕೈತುಂಬ ಗ್ರೀಸ್, ಬಾಯಿತುಂಬ ಬೆಂಕಿ. ಸೈಕಲ್ ಅಂಗಡಿಯ ಯಜಮಾನಿ. ಅವಳ ಹಿಂದೆಯೇ ಹೆಲ್ಮೆಟ್ ಹಿಡಿದು ಅಳುಮೋರೆ ಹಾಕಿಕೊಂಡ ಮಗಳು.

"ಕಳ್ಳತನ ಆಗಿದೆ ಸಾರ್. ಗುಡ್ಡದ ಸೈಕಲ್‌ದು ಎರಡೂ ಚಕ್ರ ಇಲ್ಲ."

"ಬರೀ ಚಕ್ರನಾ?" ಇನ್ಸ್‌ಪೆಕ್ಟರ್ ಕೇಳಿದರು.

"ಬರೀ ಚಕ್ರ ಅಂದ್ರೇನ್ ಸಾರ್? ನಾಳೆ ಬೆಳಿಗ್ಗೆ ಏಳಕ್ಕೆ ಇವಳ ರೇಸು. ಎರಡು ವರ್ಷದಿಂದ ಕಾಯ್ತಿದ್ದಾಳೆ. ಸೈಕಲ್ ಹೊತ್ಕೊಂಡು ಗುಡ್ಡ ಇಳೀತಾಳಾ?"

"ಬೇರೆ ಚಕ್ರ ಹಾಕ್ಬಹುದಲ್ಲ?"

"ಆ ಅಳತೇದು ತರಿಸೋಕೆ ಎಂಟು ದಿನ ಬೇಕು."

ಇನ್ಸ್‌ಪೆಕ್ಟರ್‌ಗೆ ನಗು ಬಂದಿತ್ತು. ಹುಡುಗಿಯ ಮುಖ ನೋಡಿ ನುಂಗಿಕೊಂಡರು. 8.55ಕ್ಕೆ ಎಫ್‌ಐಆರ್ ದಾಖಲಾಯಿತು.

9.30ಕ್ಕೆ ದಫೇದಾರರೊಂದಿಗೆ ಸ್ಥಳಕ್ಕೆ ಹೋದರು. ಬೀಗ ಒಡೆದಿರಲಿಲ್ಲ. ಚಕ್ರಕ್ಕಿಂತ ದುಬಾರಿಯಾದ ಸಸ್ಪೆನ್ಷನ್ ಫೋರ್ಕ್‌ಗಳು ಗೋಡೆಯಲ್ಲಿ ತೂಗಾಡುತ್ತಿದ್ದವು; ಕಳ್ಳ ಅವುಗಳನ್ನು ಮೂಸಿಯೂ ನೋಡಿರಲಿಲ್ಲ.

"ಬೀಗದ ಕೈ ಎಷ್ಟು?"

"ಮೂರು. ಒಂದು ನನ್ಹತ್ರ, ಒಂದು ಮಗಳ ಹತ್ರ."

"ಮೂರನೇದು?"

"ಅದು... ಇಲ್ಲ ಬಿಡಿ ಸಾರ್, ಯಾವಾಗ್ಲೋ ಹೋಯ್ತು."

ಚಕ್ರವಿಲ್ಲದ ಸೈಕಲ್ ರಿಪೇರಿ ಸ್ಟ್ಯಾಂಡಿನಲ್ಲಿ ಜೋತಾಡುತ್ತಿತ್ತು. ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರು. ಮುಂದಿನ ಬ್ರೇಕಿನ ಎರಡು ಪ್ಯಾಡ್‌ಗಳ ಸಂದಿಯಲ್ಲಿ ಒಂದು ರಟ್ಟಿನ ತುಂಡು. ಹಿಂದಿನದರಲ್ಲೂ ಅಂಥದೇ ಒಂದು.

"ಇದೇನಮ್ಮ?"

ಉತ್ತರ ಕೊಟ್ಟದ್ದು ಮಗಳು. "ಚಕ್ರ ತೆಗೆದಾಗ ಯಾರಾದ್ರೂ ಬ್ರೇಕ್ ಒತ್ತಿಬಿಟ್ರೆ ಪ್ಯಾಡ್ ಎರಡೂ ಕೂಡ್ಕೊಂಡ್ಬಿಡುತ್ತೆ ಸಾರ್. ಆಮೇಲೆ ಚಕ್ರ ಕೂರಲ್ಲ. ಅದಕ್ಕೇ ನಡುವೆ ಏನಾದ್ರೂ ಇಡ್ತೀವಿ."

"ಅಂದ್ರೆ ಕಳ್ಳ ಚಕ್ರ ಕದ್ದು, ಬ್ರೇಕ್ ಕೆಡದ ಹಾಗೆ ನೋಡ್ಕೊಂಡು ಹೋಗಿದ್ದಾನೆ."

"ಮನೆ ದೋಚಿ ಕಸ ಗುಡಿಸಿಟ್ಟು ಹೋದ ಹಾಗಾಯ್ತು ಸಾರ್," ಎಂದರು ದಫೇದಾರರು, ಪಂಚನಾಮೆ ಬರೆಯುತ್ತಲೇ.

ರಟ್ಟನ್ನು ಮೂರು ಮಡಿಕೆ ಮಾಡಿ, ಒಂದು ಮೂಲೆ ಕತ್ತರಿಸಲಾಗಿತ್ತು. ಅದನ್ನು ಹೊರತೆಗೆದದ್ದೇ ತಡ, ಬೆಳಗಿನಿಂದ ಪಟಪಟ ಅನ್ನುತ್ತಿದ್ದ ಯಜಮಾನಿಯ ಬಾಯಿ ಬಂದ್ ಆಯಿತು.

"ಸಾರ್, ದೂರು ವಾಪಸ್ ತಗೊಳ್ತೀನಿ."

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕಳ್ಳರ ಮುಖ ಹುಳ್ಳಗಾಗುವುದನ್ನು ಇನ್ಸ್‌ಪೆಕ್ಟರ್ ಬೇಕಾದಷ್ಟು ನೋಡಿದ್ದರು. ಕಳೆದುಕೊಂಡವರ ಮುಖ ಹುಳ್ಳಗಾದದ್ದು ಇದೇ ಮೊದಲು.

"ಎಫ್‌ಐಆರ್ ಆಗಿದೆ. ನೀವು ಬ್ರೇಕಿಗೆ ಏನಿಡ್ತೀರಿ?"

"ಪ್ಲಾಸ್ಟಿಕ್ ತುಂಡು. ಹೊಸ ಸೈಕಲ್ ಜೊತೆ ಬರುತ್ತೆ."

"ರಟ್ಟು ಯಾರಿಡ್ತಾರೆ?"

"ನಮ್ಮಪ್ಪ ಇಡ್ತಿದ್ರು. ಅವರು ಹೋಗಿ ಐದು ವರ್ಷ ಆಯ್ತು."

"ಅವರ ಕೈಕೆಳಗೆ ಕಲಿತವರು?"

"ಇಬ್ರು. ಒಬ್ಳು ನಾನು."

"ಇನ್ನೊಬ್ರು?"

"ದೊಡ್ಡಮ್ಮ," ಎಂದಳು ಮಗಳು.

ಮಿಕ್ಕದ್ದು ತಾನಾಗಿಯೇ ಹೊರಬಂತು. ಅಕ್ಕ ಮೂರು ವರ್ಷದ ಹಿಂದೆ ಅಂಗಡಿ ಬಿಟ್ಟು ಸ್ಪೋಕ್ ಕಾರ್ಖಾನೆ ಸೇರಿದ್ದಳು. 'ಅಪ್ಪನ ಅಂಗಡಿಗಿಂತ ಸಂಬಳ ಹೆಚ್ಚಾಯ್ತಾ' ಎಂದು ತಂಗಿ ಒಂದು ಅಂದಳು, ಅಕ್ಕ ನಾಲ್ಕು ಅಂದಳು, ಮಾತು ಬಿಟ್ಟರು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುವ ಗಾದೆ ಅಕ್ಕತಂಗಿಯರನ್ನೂ ಬಿಡುವುದಿಲ್ಲ.

12.15ಕ್ಕೆ ಅಕ್ಕನ ಮನೆ. ಎರಡನೇ ಮಹಡಿ, ತೆರೆದ ಬಾಗಿಲು. ಕಿಟಕಿ ಬೆಳಕಿಗೆ ಸ್ಟ್ಯಾಂಡ್ ಇಟ್ಟುಕೊಂಡು ಆಕೆ ಹಿಂದಿನ ಚಕ್ರಕ್ಕೆ ಹೊಸ ಸ್ಪೋಕ್ ಹೆಣೆಯುತ್ತಿದ್ದಳು. ಮುಂದಿನದು ಮುಗಿದು ಗೋಡೆಗೆ ಒರಗಿತ್ತು. ಪೊಲೀಸರನ್ನು ಕಂಡು ಎದ್ದೂ ನಿಲ್ಲಲಿಲ್ಲ.

"ಇನ್ನು ಹದಿನಾಲ್ಕು ಸ್ಪೋಕ್ ಇದೆ ಸಾರ್. ಮುಗಿಸ್ಕೊಂಡು ಬರ್ತೀನಿ."

"ಚಕ್ರ ನೀವೇ ತಂದಿದ್ದಾ?"

"ನಾನೇ. ಬೆಳಿಗ್ಗೆ ಐದೂವರೆಗೆ. ಮೂರನೇ ಬೀಗದ ಕೈ ನನ್ಹತ್ರಾನೇ ಇತ್ತು."

"ಯಾಕೆ?"

ಆಕೆ ನೆಲದ ಮೇಲಿನ ಹಳೆಯ ಸ್ಪೋಕ್ ಒಂದನ್ನೆತ್ತಿ, ಬಾಗಿದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಕಟಕ್ ಎಂದು ಮುರಿಯಿತು.

"ನಾನು ತಪಾಸಣೆ ಟೇಬಲ್‌ನಲ್ಲಿರೋದು. ಈ ಲಾಟ್ ಪೂರ್ತಿ ಹೀಗೇ ಅಂತ ನಿನ್ನೆ ಸಂಜೆ ಗೊತ್ತಾಯ್ತು. ತಂಗಿ ಅಂಗಡಿಗೆ ಹೋಗಿದ್ದೂ ಇದೇ ಲಾಟ್. ಅಂಗಡಿಗಳಿಗೆಲ್ಲ ಕಾಗದ ಹೋಗೋದು ಸೋಮವಾರ. ರೇಸ್ ಇರೋದು ಭಾನುವಾರ."

"ಫೋನ್ ಮಾಡಬಹುದಿತ್ತು."

"ಹನ್ನೊಂದು ಸಲ ಮಾಡ್ದೆ."

"ಚೀಟಿ?"

"ನನ್ನ ಅಕ್ಷರ ಕಂಡ್ರೆ ಓದದೇ ಹರಿದು ಹಾಕ್ತಾಳೆ. ನೀವು ಅವಳನ್ನ ನೋಡಿದೀರಲ್ಲ?"

ನೋಡಿದ್ದರು. ಅದಕ್ಕೇ ಇನ್ಸ್‌ಪೆಕ್ಟರ್ ಕುರ್ಚಿ ಎಳೆದುಕೊಂಡು ಕುಳಿತರು. ಹೀಗೆ ಕಾಯಬೇಕೆಂದು ಯಾವ ನಿಯಮವೂ ಹೇಳಿರಲಿಲ್ಲ, ಕಾಯಬಾರದೆಂದೂ ಹೇಳಿರಲಿಲ್ಲ. ದಫೇದಾರರು ಒಂದೊಂದೇ ಸ್ಪೋಕ್ ಎತ್ತಿ ಕೊಟ್ಟರು. ಕೊನೆಯದು ಬಿಗಿಯಾದ ಮೇಲೆ ಆಕೆ ಚಕ್ರ ತಿರುಗಿಸಿದಳು. ಕೂದಲೆಳೆಯಷ್ಟೂ ಓಲಾಡದೆ ಅದು ಗಿರ್ರೆಂದು ತಿರುಗಿತು. ದಫೇದಾರರು ಚಪ್ಪಾಳೆ ತಟ್ಟಿಬಿಟ್ಟರು, ಆಮೇಲೆ ಕೆಮ್ಮಿದರು.

1.50ಕ್ಕೆ ಪಕ್ಕದ ಮನೆಯವರಿಬ್ಬರನ್ನು ಪಂಚಸಾಕ್ಷಿಗಳಾಗಿಸಿ ಎರಡು ಚಕ್ರ, ಐವತ್ತಾರು ಹಳೆಯ ಸ್ಪೋಕ್ ಜಪ್ತಿ ಮಾಡಲಾಯಿತು. ಆರೋಪಿಯ ದಸ್ತಗಿರಿಯಾಯಿತು. ಜೀಪಿನಲ್ಲಿ ಆರೋಪಿ ಚಕ್ರಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದಳು.

ಠಾಣೆಯಲ್ಲಿ ಮಗಳ ಜೊತೆ ತಂಗಿ ಕಾದಿದ್ದಳು.

"ಫೋನ್ ಎತ್ತೋಕೆ ಏನಾಗಿತ್ತೇ ನಿಂಗೆ?" ಎಂದಳು ಅಕ್ಕ.

"ಕಳ್ಳಿ ನೀನು, ನನ್ನೇ ಕೇಳ್ತೀಯಾ?"

ಅಕ್ಕ ಹಳೆಯ ಸ್ಪೋಕ್‌ಗಳ ಕಟ್ಟನ್ನು ಮೇಜಿನ ಮೇಲಿಟ್ಟಳು. ತಂಗಿ ಒಂದನ್ನೆತ್ತಿ ತುದಿ ಒತ್ತಿದಳು. ಮುರಿಯಿತು. ಇನ್ನೊಂದು ಎತ್ತಿದಳು. ಅದೂ ಮುರಿಯಿತು. ಮಗಳ ಕಡೆ ನೋಡಿದಳು. ಆ ಗುಡ್ಡದ ಇಳಿಜಾರು ಅವಳ ಕಣ್ಣಮುಂದೆ ಬಂದಿರಬೇಕು. ಬೆಂಚಿನ ಮೇಲೆ ಕೂತು, "ಅಕ್ಕಾ," ಎಂದು ಜೋರಾಗಿ ಅತ್ತಳು.

ಈಗ ಇನ್ಸ್‌ಪೆಕ್ಟರ್ ಪಾಲಿಗೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಜಪ್ತಿಯಾದ ಮಾಲು ಕೋರ್ಟಿಗೆ ಹೋಗಬೇಕು. ಕೋರ್ಟು ತೆರೆಯುವುದು ಸೋಮವಾರ. ಕೇಳಿದಾಗ ಹಾಜರುಪಡಿಸುತ್ತೇನೆಂದು ಯಜಮಾನಿಯಿಂದ ಮುಚ್ಚಳಿಕೆ ಬರೆಸಿಕೊಂಡು 4.20ಕ್ಕೆ ಚಕ್ರಗಳನ್ನು ಅವಳ ವಶಕ್ಕೇ ಕೊಟ್ಟರು. ಹುಡುಗಿ ಕುಣಿದ ರಭಸಕ್ಕೆ ಮಸಿ ಕುಡಿಕೆ ಉರುಳಿತು. ಯಾರೂ ಬೈಯಲಿಲ್ಲ.

"ಇನ್ನು ಆರೋಪಿಗೆ ಜಾಮೀನು. ಯಾರು ನಿಲ್ತೀರಿ?"

"ನಾನು," ಎಂದಳು ತಂಗಿ ಮೂಗು ಒರೆಸಿಕೊಂಡು.

"ದೂರು ಕೊಟ್ಟವರೇ ಜಾಮೀನಾ?"

"ಬೇರೆ ಯಾರು ನಿಲ್ಬೇಕು ಸಾರ್? ನನ್ನಕ್ಕ ಅಲ್ವಾ?"

ಹೊರಗೆ ಅಕ್ಕತಂಗಿಯರು ಹಿಂದಿನ ಚಕ್ರದ ಬಿಗಿ ಸಾಕೋ ಸಾಲದೋ ಎಂದು ಆಗಲೇ ಜಗಳಕ್ಕಿಳಿದಿದ್ದರು. ಇನ್ಸ್‌ಪೆಕ್ಟರ್ ಕೇಸ್ ಡೈರಿ ತೆರೆದರು. ಕೃತ್ಯದ ಉದ್ದೇಶ ಬರೆಯುವಲ್ಲಿ 'ಲಾಭ' ಎಂದು ಬರೆಯಲು ಹೋಗಿ ತಡೆದು, ಯೋಚಿಸಿ, ನಿಧಾನವಾಗಿ ಬರೆದರು: 'ತಂಗಿಯ ಮಗಳು ಬೀಳಬಾರದು.'