ಮೊದಲ ಗೇಣು

ನಾನು ಸಿಂಧನೂರಿನಲ್ಲಿ ಫಿಜಿಯೋಥೆರಪಿಸ್ಟ್. ಊರವರಿಗೆ ಕೈಕಾಲು ಡಾಕ್ಟರ್. ಕಂಡವರ ದನಿಯನ್ನೆಲ್ಲ ಅಣಕಿಸುವ ಚಟವಿದ್ದದ್ದರಿಂದ ಗೆಳೆಯರಿಗೆ ಬಾಯಿ ಡಾಕ್ಟರ್. ಆ ಚಟವನ್ನು ಮಸ್ಕಿಯ ದಾವಲ್‌ಬೀ ಮನೆಯಲ್ಲೇ ಬಿಟ್ಟು ಬಂದೆ.

ಆಕೆಯ ಬಲಭುಜದೊಳಗಿನ ಸಣ್ಣ ಸ್ನಾಯು ಪೂರ್ತಿ ಹರಿದಿತ್ತು. ಪಕ್ಕೆಗಂಟಿದ ಕೈಯನ್ನು ಮೊದಲ ಗೇಣು ಎತ್ತುವುದು ಅದರ ಕೆಲಸ. ಆಮೇಲೆ ಹೊರಗಿನ ದೊಡ್ಡ ಸ್ನಾಯು ಕೈಯನ್ನು ಮೇಲಕ್ಕೊಯ್ಯುತ್ತದೆ. ಹಾಗಾಗಿ ಆಕೆ ತಲೆ ಬಾಚಿಕೊಳ್ಳುವಾಗ ಗಂಡ ಕರೀಂಸಾಬರು ಮೊಣಕೈ ಕೆಳಗೆ ಬೆರಳು ಕೊಟ್ಟು ಎತ್ತಿಬಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಆಕೆ ಬಾಚಣಿಗೆ ಮುಟ್ಟಿರಲಿಲ್ಲ.

ಅವತ್ತು ಮಟಮಟ ಮಧ್ಯಾಹ್ನ. ಆಕೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಸ್ವಲ್ಪ ನಗಲಿ ಎಂದು ನಾನು ಬಾಗಿಲಲ್ಲಿ ನಿಂತೇ ಕರೀಂಸಾಬರ ಗೊಗ್ಗರು ದನಿ ತೆಗೆದೆ: "ಎತ್ತ ಬೇ ದಾವಲ್, ಕೈ ಏನ್ ಮಸ್ಕಿ ಗುಡ್ಡ ಆಗ್ಯಾದೇನು?"

ಕೈ ನೆತ್ತಿಯವರೆಗೆ ಎದ್ದಿತು.

"ಮೊಣಕೈ ಬಿಡ್ರಿ ಡಾಕ್ಟರ್ ಸಾಬ್," ಎಂದರು ದಾವಲ್‌ಬೀ, ತಿರುಗದೆ. "ನಿಮ್ಮ ಬೆರಳು ಭಾಳ ತಣ್ಣಗದಾವ."

ನನ್ನ ಎರಡೂ ಕೈ ಚಹಾದ ಲೋಟ ಹಿಡಿದಿದ್ದವು. ಆಕೆಗೆಂದು ಆಗತಾನೆ ನಾನೇ ಒಲೆಯಿಂದಿಳಿಸಿ ತಂದ ಚಹಾ ಬಾವಿ ನೀರಿನಷ್ಟು ತಣ್ಣಗಾಗಿತ್ತು.

ಆಕೆ ತಿರುಗಿ ನೋಡಿ, ನಾನು ನಿಂತ ದೂರವನ್ನು ಅಳೆದು, ಮೆಲ್ಲಗೆ ಕೇಳಿದರು: "ಅವರ ದನ್ಯಾಗ ಇನ್ನೊಮ್ಮೆ ಅನ್ರಿ."

ಲೋಟ ಇಟ್ಟು ಬಸ್ಸಿಗೆ ಓಡಿದೆ.

ಮರುದಿನ ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಆಕೆಯ ಫೋನ್ ಬಂತು.

"ಡಾಕ್ಟರ್ ಸಾಬ್, ನಮ್ಮನಿಯವರು ನಿಮ್ಮ ಹಿಂದ ಬಂದಾರೇನ್ರಿ? ನನ್ನ ಕೈ ಮತ್ತ ಏಳವಲ್ದು."

ಬಾಚಣಿಗೆ ಹಿಡಿದ ನನ್ನ ಕೈ ಆಗಲೇ ಮೇಲಿತ್ತು. ಮೊಣಕೈ ಕೆಳಗೆ ತಣ್ಣಗಿತ್ತು.